ಮೊದಲು ಚಪ್ಪಡಿ ಕಲ್ಲು

ಆಗಸ್ಟ್ 4, ಸೋಮವಾರ

ದಿನವಿಡೀ ಹೂಂ ಅನ್ನುವುದೇ ನನ್ನ ಕಸುಬು. ಕುರ್ಚಿಯಲ್ಲಿ ಕೂತವನು ಏನೇ ಹೇಳಲಿ, ಕತ್ತಿ ಅವನ ಕುತ್ತಿಗೆ ಮೇಲಿರುವಾಗ ನಾನು ಇಲ್ಲ ಅನ್ನುವ ಹಾಗಿಲ್ಲ. ಮಳೆ ಬರುತ್ತೆ ಅಂದರೆ ಹೂಂ, ಬರಲ್ಲ ಅಂದರೂ ಹೂಂ. ಹೀಗೇ ಅರ್ಧ ಆಯಸ್ಸು ಕಳೆದ ಮೇಲೆ ಡಾಕ್ಟರು ಬಿ.ಪಿ. ನೋಡಿ, 'ಏನಾದ್ರೂ ಬರೀರಿ, ಒಳಗಿರೋದು ಹೊರಗೆ ಹೋಗ್ಲಿ' ಅಂದರು. ಅದಕ್ಕೇ ಈ ದಿನಚರಿ. ಇಲ್ಲಿಯಾದರೂ 'ಇಲ್ಲ' ಅನ್ನಬಹುದು. ಓದುವವರು ಯಾರೂ ಇಲ್ಲ. ಹೆಂಡತಿಗೆ ನನ್ನ ಅಕ್ಷರ ಅರ್ಥವಾಗುವುದಿಲ್ಲ, ಅರ್ಥ ಮಾಡಿಕೊಳ್ಳುವ ಆಸೆಯೂ ಅವಳಿಗಿಲ್ಲ.

ಬೆಳಿಗ್ಗೆ ಎಂದಿನಂತೆ ನಾನೂ ತಮ್ಮನೂ ಅಕ್ಕನನ್ನು ಹೊತ್ತುಕೊಂಡು ಬಂದೆವು. ಅವಳ ಮನೆ ನಮ್ಮ ಸಲೂನಿನ ಹಿಂದಿನ ಓಣಿಯಲ್ಲಿ. ಓಣಿ ಅನ್ನುವುದು ಹೆಸರಿಗೆ ಮಾತ್ರ. ನಡುವೆ ಬಾಯಿ ತೆರೆದ ಚರಂಡಿ, ಎರಡೂ ಕಡೆ ಒಂದು ಪಾದ ಇಡುವಷ್ಟು ಕಟ್ಟೆ. ಬೇಸಿಗೆಯಲ್ಲಿ ಆ ಕಟ್ಟೆಯಿಂದಲೇ ಜಾರಿ ಬಿದ್ದು ಅಕ್ಕನ ಸೊಂಟ ಮುರಿಯಿತು. ಆಪರೇಷನ್ ಆಯಿತು, ರಾಡು ಹಾಕಿದರು. ಮೂಳೆ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ: ದಿನಾ ಸಮನಾದ ನೆಲದ ಮೇಲೆ ನಡೆಯಬೇಕು, ಚಳಿ ಶುರುವಾಗುವುದರೊಳಗೆ ಕಾಲು ಪಳಗದಿದ್ದರೆ ಕೀಲು ಬಿಗಿದುಕೊಂಡು ಹಾಗೇ ಕೂತುಬಿಡುತ್ತೆ, ಆಮೇಲೆ ಯಾರ ಕೈಲೂ ಏನೂ ಆಗಲ್ಲ ಅಂತ. ಕಟ್ಟೆ ಮೇಲೆ ವಾಕರ್ ಹೋಗುವುದಿಲ್ಲ. ಅದಕ್ಕೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಚರಂಡಿಯ ಆ ಕಡೆ ಒಂದು ಕಾಲು ಈ ಕಡೆ ಒಂದು ಕಾಲು ಇಟ್ಟುಕೊಂಡು, ಇಬ್ಬರೂ ಹೊತ್ತು ಮುಂದಿನ ಬೀದಿಗೆ ತರುತ್ತೇವೆ. ಅಂಗಡಿಗಳು ತೆರೆಯುವ ತನಕ ಅಲ್ಲಿ ನಡೆಯುತ್ತಾಳೆ. 'ಮೆತ್ತಗೆ ಕಣ್ರೋ, ಹೆಣ ಹೊತ್ತ ಹಾಗೆ ಹೊರಬೇಡಿ' ಅಂತ ದಾರಿಯುದ್ದಕ್ಕೂ ಬೈಗುಳ.

ಆ ಚರಂಡಿ ಮೇಲೆ ಚಪ್ಪಡಿ ಕಲ್ಲು ಹಾಸಿದರೆ ಅವಳು ತಾನೇ ನಡೆದು ಬರುತ್ತಾಳೆ. ಇಷ್ಟೇ ವಿಷಯ. ನಮ್ಮ ವಾರ್ಡಿನ ಮೆಂಬರನ ಹತ್ತಿರ ಹೇಳಿ ಹೇಳಿ ನಾಲಿಗೆ ಒಣಗಿತು. ಮಂದಿ ಅವನಿಗೆ ನಗುಮುಖ ಅಂತ ಹೆಸರಿಟ್ಟಿದ್ದಾರೆ. 'ಎಲ್ಲರನ್ನೂ ವಿಶ್ವಾಸಕ್ಕೆ ತಗೊಂಡು ಮಾಡೋಣ' ಅಂತಾನೆ, ಹಲ್ಲು ಬಿಡುತ್ತಾನೆ. ಕಲ್ಲು ಹಾಸೋಕೆ ಯಾರ ವಿಶ್ವಾಸ ಬೇಕೋ, ನಿನ್ನ ತಲೆ!

ಆಗಸ್ಟ್ 12, ಮಂಗಳವಾರ

ಒಂದು ಅನಾಹುತ ಆಯಿತು. ಹಾರ್ಡ್‌ವೇರ್ ಅಂಗಡಿ ಯಜಮಾನರು ಶೇವಿಂಗಿಗೆ ಕೂತಿದ್ದರು. ನಗುಮುಖನ ಮೇಲೆ ಅವರಿಗೂ ಸಿಟ್ಟಿದೆ. ಮುಖದ ತುಂಬ ಸೋಪಿನ ನೊರೆ, ಕಣ್ಣು ಮುಚ್ಚಿಕೊಂಡೇ, 'ಈ ಸಲ ವಾರ್ಡ್ ಎಲೆಕ್ಷನ್ನಿಗೆ ನೀನೇ ನಿಂತ್ಕೊಳಯ್ಯ, ಇಡೀ ವಾರ್ಡಿಗೆ ನಿನ್ನ ಗೊತ್ತು' ಅಂದರು. ನಾನು ಗದ್ದದ ಕೆಳಗಿನ ತಿರುವಿನಲ್ಲಿದ್ದೆ. ಅಭ್ಯಾಸಬಲ, 'ಹೂಂ' ಅಂದೆ.

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಬಸ್ ಇಳಿದು ಬಂದವರೆಲ್ಲ ಕೈ ಕುಲುಕಿದ್ದೇ ಕುಲುಕಿದ್ದು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, 'ಬಚ್ಚಲುಮನೆ ಬಲ್ಬು ಬದಲಾಯಿಸಿ ಅಂದ್ರೆ ಕೈಲಾಗಲ್ಲ, ಊರು ಉದ್ಧಾರ ಮಾಡೋಕೆ ಹೊರಟ್ರಾ' ಅಂದಳು. ಹೇಳಿದ್ದು ಸರಿಯೇ. ಆದರೆ ಮಲಗಿ ಯೋಚಿಸಿದರೆ, ಯಾಕಾಗಬಾರದು? ಆ ನಗುವವನ ಕೈಕಾಲು ಹಿಡಿಯುವುದಕ್ಕಿಂತ ನಾನೇ ಹೋಗಿ ಕೂತು ಕಲ್ಲು ಹಾಸಿಸಿದರಾಯಿತು. ಅಕ್ಕನಿಗೋಸ್ಕರ ನಿಲ್ಲುತ್ತೇನೆ. ಬೇರೆ ಯಾವ ಭೂತವೂ ನನ್ನ ಮೈಮೇಲೆ ಬಂದಿಲ್ಲ.

ಆಗಸ್ಟ್ 20, ಬುಧವಾರ

ಕರಪತ್ರಕ್ಕೆ ಬರೆದುಕೊಡಿ ಅಂತ ರಿಟೈರ್ಡ್ ಮೇಷ್ಟ್ರನ್ನು ಕೇಳಿದ್ದೆ. 'ನಿನ್ನ ಆದ್ಯತೆಗಳು ಏನಪ್ಪ?' ಅಂತ ಕನ್ನಡಕ ಏರಿಸಿದರು. ಹಿಂದಿನ ಓಣಿಗೆ ಚಪ್ಪಡಿ ಅಂದೆ. ಆಮೇಲೆ? ಆಮೇಲೆ ಏನಿಲ್ಲ ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ.

'ಒಂದೇ ಆದ್ಯತೆ ಇಟ್ಕೊಂಡು ಗೆದ್ದವರನ್ನ ನಾನು ನೋಡಿಲ್ಲ. ಮೂರಾದ್ರೂ ಬೇಕು, ಕಣ್ಣಿಗೆ ತುಂಬ ಕಾಣಬೇಕು.'

ಹಾಗೆ ಮೂರಾಯಿತು. ಮೊದಲು ಚಪ್ಪಡಿ, ಆಮೇಲೆ ಬೀದಿದೀಪ, ಆಮೇಲೆ ಬಸ್ ನಿಲ್ದಾಣಕ್ಕೆ ಸೂರು. ಓದಿ ಹೇಳಿದಾಗ ಅಕ್ಕ ಕಣ್ಣೊರೆಸಿಕೊಂಡಳು. ಅಮ್ಮ ಹೋದ ಮೇಲೆ ಬಟ್ಟೆ ಹೊಲಿದು ನಮ್ಮಿಬ್ಬರನ್ನೂ ಸಾಕಿದವಳು. ನನ್ನ ಹೆಸರು ಅಚ್ಚಾಗಿದ್ದನ್ನು ನೋಡುವುದು ಅವಳಿಗೆ ಇದೇ ಮೊದಲು. ಆಮೇಲೆ ಮೂಗು ಸೀಟಿಕೊಂಡು, 'ಅದೆಲ್ಲ ಇರ್ಲಿ, ನಾಳೆ ಬೆಳಿಗ್ಗೆ ಬರ್ತೀರ ತಾನೇ?' ಅಂತ ಕೇಳಿದಳು. ಬರದೆ ಇನ್ನೇನು, ಅಂದೆ.

ಇವತ್ತು ಮೂಲೆಯ ಮೆಡಿಕಲ್ ಶಾಪಿನವರೆಗೂ ಹೋಗಿ ಬಂದಳು. ಮೊದಲ ವಾರ ನಮ್ಮ ಅಂಗಡಿಯ ಮೆಟ್ಟಿಲು ದಾಟುತ್ತಿರಲಿಲ್ಲ.

ಆಗಸ್ಟ್ 31, ಭಾನುವಾರ

ಭಾನುವಾರ ಅಂದರೆ ಉಸಿರಾಡೋಕೂ ಪುರುಸೊತ್ತಿಲ್ಲ. ಹಾರ್ಡ್‌ವೇರ್ ಯಜಮಾನರು ಬಂದು, ಕುರ್ಚಿ ಹಿಂದಕ್ಕೆ ಒರಗಿಸಿಕೊಂಡು, 'ಆ ಚಪ್ಪಡಿ ವಿಷಯ ನೋಡಯ್ಯ' ಅಂತ ಶುರುಮಾಡಿದರು. ಓಣಿಯ ನೀರು ಬಂದು ಸೇರುವುದು ಮುಂದಿನ ಬೀದಿಯ ದೊಡ್ಡ ಮೋರಿಗೆ. ಮೇಲೆ ಕಲ್ಲು ಮುಚ್ಚಬೇಕಾದರೆ ಆ ಮೋರಿಯನ್ನು ಆಳ ಮಾಡಬೇಕು, ಅಂದರೆ ಬೀದಿ ಅಗೆಯಬೇಕು. ಬೀದಿ ಅಗೆದರೆ ಅಂಗಡಿಗಳಿಗೆ ಗಿರಾಕಿ ಎಲ್ಲಿಂದ ಬರುತ್ತಾರೆ? ವ್ಯಾಪಾರದವರೆಲ್ಲ ಮಾತಾಡಿಕೊಂಡಿದ್ದಾರಂತೆ, ಒಂದು ವರ್ಷ ಅಗೆತ ಬೇಡ, ಅದರ ಬದಲು ಗಾಡಿ ನಿಲ್ಲಿಸೋಕೆ ಜಾಗ ಮಾಡಿಸಿಕೊಡು ಅಂತ.

ಮೇಲ್ದುಟಿಯ ಹತ್ತಿರ ಕತ್ತಿ ಆಡಿಸುತ್ತಿದ್ದೆ. ಹೂಂ ಅಂದೆ.

ಅವರು ಹೋದ ಮೇಲೆ ತಲೆ ಕೆರೆದುಕೊಂಡೆ. ಇವತ್ತೇ ಬೆಳಿಗ್ಗೆ ಅಕ್ಕನ ಎದುರುಮನೆಯಾಕೆಯ ಗಂಡನಿಗೆ ಕಟಿಂಗ್ ಮಾಡುವಾಗ, ಗೆದ್ದ ಮೊದಲ ತಿಂಗಳೇ ಕಲ್ಲು ಅಂತ ಹೂಂ ಅಂದಿದ್ದೆ. ಮೇಷ್ಟ್ರು ಒಂದು ದಾರಿ ತೋರಿಸಿದರು: 'ಕ್ರಮ ಸ್ವಲ್ಪ ಬದಲಾಯಿಸೋಣ. ಪಾರ್ಕಿಂಗ್ ಮೊದಲು, ಚಪ್ಪಡಿ ಎರಡನೇದು. ಬಿಟ್ಟಿಲ್ಲವಲ್ಲ!' ನಿಜ, ಬಿಟ್ಟಿಲ್ಲ. ಬಸ್ ನಿಲ್ದಾಣದ ಸೂರು ಹಾರಿಹೋಯಿತು, ಪಾಪ.

ಸೆಪ್ಟೆಂಬರ್ 7, ಭಾನುವಾರ

ಮನೆ ಮನೆ ಪ್ರಚಾರ ಶುರು. ಜನ ಮನೆಯಲ್ಲಿ ಸಿಗುವುದು ಬೆಳಿಗ್ಗೆಯೇ, ಕೆಲಸಕ್ಕೆ ಹೊರಡುವ ಮೊದಲು. ಹಾಗಾಗಿ ಇವತ್ತು ಅಕ್ಕನನ್ನು ಹೊರಗೆ ತರಲಾಗಲಿಲ್ಲ. ತಮ್ಮನೊಬ್ಬನೇ ಹೊರಲಾರ. ನಾಳೆ ನೋಡಬೇಕು.

ನನ್ನ ಮಾತು ಮಂದಿಗೆ ಹಿಡಿಸುತ್ತದೆ ಅನ್ನುವುದು ನನಗೇ ಹೊಸ ಸುದ್ದಿ. ಬಾಗಿಲಲ್ಲಿ ನಿಂತು ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಹೂಂ ಅಂತೀನಿ. ಅಷ್ಟಕ್ಕೇ ಕರಗಿಹೋಗುತ್ತಾರೆ.

ಸೆಪ್ಟೆಂಬರ್ 9, ಮಂಗಳವಾರ

ಇವತ್ತೂ ಆಗಲಿಲ್ಲ. ಅಕ್ಕ ಏನೂ ಅಂದುಕೊಳ್ಳಲ್ಲ.

ಸೆಪ್ಟೆಂಬರ್ 18, ಗುರುವಾರ

ಅಬ್ಬಾ, ಏನು ಸಂಜೆ! ಸ್ಕೂಲಿನ ಹಾಲ್‌ನಲ್ಲಿ ಸಭೆ. ನಗುಮುಖ ಮೊದಲು ಮಾತಾಡಿದ, ಅರ್ಧ ಜನ ಆಕಳಿಸಿದರು. ನನ್ನ ಸರದಿ ಬಂದಾಗ ಅಕ್ಕನ ಎದುರುಮನೆಯಾಕೆ ಎದ್ದು ನಿಂತಳು.

'ನಮ್ಮ ಯಜಮಾನ್ರಿಗೆ ಕಟಿಂಗ್ ಮಾಡ್ತಾ, ಗೆದ್ದ ಮೊದಲ ತಿಂಗಳೇ ಚಪ್ಪಡಿ ಅಂದ್ರಂತೆ ನೀವು. ಹೌದೋ ಅಲ್ವೋ?'

ಹೌದು ಅನ್ನುವುದರೊಳಗೆ ಆ ಕಡೆಯಿಂದ ಹಾರ್ಡ್‌ವೇರ್ ಯಜಮಾನರು ಎದ್ದರು. 'ಒಂದು ವರ್ಷ ಬೀದಿ ಅಗೆಯಲ್ಲ ಅಂತ ನನಗೆ ಹೇಳಿದ್ಯಲ್ಲಯ್ಯ? ಇಬ್ಬರಲ್ಲಿ ಯಾರಿಗೆ ಸುಳ್ಳು ಹೇಳಿದೆ?'

ಸತ್ತೆ ಅಂದುಕೊಂಡೆ. ಆಮೇಲೆ ಬಾಯಿಗೆ ಅದೆಲ್ಲಿಂದ ಬಂತೋ: 'ನೋಡಿ ಸ್ವಾಮಿ, ನಿಮ್ಮ ಕುತ್ತಿಗೆ ಮೇಲೆ ಕತ್ತಿ ಇಟ್ಕೊಂಡು ನಾನು ಇಲ್ಲ ಅಂದ್ರೆ ನೀವು ಅಲ್ಲಾಡ್ತೀರ. ಅಲ್ಲಾಡಿದ್ರೆ ರಕ್ತ ಯಾರದು? ಇಷ್ಟು ವರ್ಷ ಇಬ್ಬರನ್ನೂ ಗಾಯ ಇಲ್ಲದೆ ಮನೆಗೆ ಕಳಿಸಿದ್ದೀನಲ್ಲ, ಅದನ್ನ ಹೇಳಿ!'

ಹಾಲ್ ಬಿದ್ದುಹೋಗುವ ಹಾಗೆ ನಕ್ಕರು. ಯಜಮಾನರೂ ಹೊಟ್ಟೆ ಹಿಡಿದುಕೊಂಡರು. ಚಪ್ಪಾಳೆ ಮೇಲೆ ಚಪ್ಪಾಳೆ. ಎದುರುಮನೆಯಾಕೆ ಸ್ವಲ್ಪ ಹೊತ್ತು ನಿಂತೇ ಇದ್ದಳು, ಆಮೇಲೆ ಕೂತಳು. ನಗುಮುಖನ ಮುಖದಲ್ಲಿ ಆ ಹೊತ್ತು ನಗು ಇರಲಿಲ್ಲ. ಮೇಷ್ಟ್ರು ಬೆನ್ನು ತಟ್ಟಿ, 'ಇವತ್ತು ಗೆದ್ದೆ ಬಿಡು' ಅಂದರು. ಇಷ್ಟು ಸಂತೋಷ ನನ್ನ ಮದುವೆ ದಿನವೂ ಆಗಿರಲಿಲ್ಲ. ಹೆಂಡತಿ ಇದನ್ನು ಓದುವುದಿಲ್ಲವಾದ್ದರಿಂದ ಬರೆದೆ.

ಸೆಪ್ಟೆಂಬರ್ 20, ಶನಿವಾರ

ಸಭೆಯ ಕಥೆ ಹೇಳೋಣ ಅಂತ ಅಕ್ಕನ ಹತ್ತಿರ ಹೋದೆ. ಎದುರುಮನೆಯಾಕೆ ಆಗಲೇ ಬಂದು ಒಪ್ಪಿಸಿಬಿಟ್ಟಿದ್ದಳು. ಆದರೂ ನಾನು ಕೈಕಾಲು ಆಡಿಸಿ ಇನ್ನೊಂದು ಸಲ ಹೇಳಿದೆ. ಅಕ್ಕ ನಗಲಿಲ್ಲ.

'ಅದೆಲ್ಲ ಸರಿ ಕಣೋ. ಕೊನೆಗೆ ಏನಂತ ಹೇಳ್ದೆ? ಕಲ್ಲು ಹಾಕ್ತೀಯೋ, ಇಲ್ವೋ?'

'ಹೂಂ' ಅಂದೆ.

'ಇದು ಅಂಗಡಿ ಹೂಂ,' ಅಂದಳು. 'ನಾನೇನು ಕುರ್ಚಿಯಲ್ಲಿ ಕೂತಿದ್ದೀನಾ? ನನಗೆ ಇಲ್ಲ ಅಂತಾದ್ರೂ ಹೇಳು.'

ರೇಗಿತು. ಯಾರಿಗೋಸ್ಕರ ಈ ಒದ್ದಾಟ? ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡುತ್ತಿರುವುದು ಯಾರಿಗೋಸ್ಕರ? ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಅವಳು ಮಂಡಿ ನೀವಿಕೊಳ್ಳುತ್ತಾ ಕೂತಳು. ಹೊರಗೆ ನಡೆಯದೆ ಎರಡು ವಾರವಾಯಿತಂತೆ, ಏಳುವಾಗ ಹಿಡಿಯುತ್ತದಂತೆ. ಸೋಮವಾರದಿಂದ ಖಂಡಿತ ಬರ್ತೀವಿ ಅಂದು ಹೊರಟೆ. ಅಂದದ್ದಕ್ಕೆ ಬೇಜಾರೂ ಆಯಿತು. ಆದರೆ ಚುನಾವಣೆ ಎದುರಿಗಿರುವಾಗ ಮನೆಯವರು ಸ್ವಲ್ಪ ಹೊಂದಿಕೊಳ್ಳಬೇಕು.

ಸೆಪ್ಟೆಂಬರ್ 28, ಭಾನುವಾರ

ಒಳ್ಳೆಯ ಬೆಳವಣಿಗೆ. ಚಪ್ಪಡಿಯ ಗೊಂದಲ ಬಗೆಹರಿಯಿತು. ಯಜಮಾನರ ಮನೆಯ ಮಹಡಿ ಮೇಲೆ ಕೂತು ಮೇಷ್ಟ್ರು, ವ್ಯಾಪಾರದವರು, ನಾನು ಚರ್ಚೆ ಮಾಡಿದೆವು. ಒಂದು ಓಣಿಗೆ ಮಾತ್ರ ಕಲ್ಲು ಹಾಸುವುದು ಬೇರೆ ಓಣಿಗಳಿಗೆ ಅನ್ಯಾಯವಾಗುತ್ತದೆ. ಅದರ ಬದಲು ಇಡೀ ನಗರಕ್ಕೆ ಸಮಗ್ರ ಒಳಚರಂಡಿ ಯೋಜನೆ ತರಬೇಕು. ಅದಕ್ಕೆ ಮೇಲಿನಿಂದ ಮಂಜೂರಾತಿ ಬೇಕು, ಸಮಯ ಹಿಡಿಯುತ್ತದೆ, ಆದರೆ ಶಾಶ್ವತ ಪರಿಹಾರ. ಹೊಸ ಕರಪತ್ರದಲ್ಲಿ ಮೂರನೆಯ ಆದ್ಯತೆಯಾಗಿ ಸೇರಿಸಿದ್ದೇವೆ. ಅಕ್ಕನ ಓಣಿಯ ಸಣ್ಣ ವಿಷಯ ಈಗ ಇಡೀ ಊರಿನ ದೊಡ್ಡ ವಿಷಯವಾಯಿತು. ಅವಳಿಗೆ ಖುಷಿಯಾಗಬೇಕು.

ಎದುರುಮನೆಯಾಕೆ ದಾರಿಯಲ್ಲಿ ಅಡ್ಡ ಹಾಕಿ ಕೇಳಿದಳು. ಎಲ್ಲರನ್ನೂ ವಿಶ್ವಾಸಕ್ಕೆ ತೆಗೆದುಕೊಂಡು ಮಾಡುತ್ತೇವೆ ಎಂದು ತಿಳಿಸಿದೆ.

ಸೋಮವಾರ ಅಕ್ಕನ ಕಡೆ ಹೋಗಲಾಗಿರಲಿಲ್ಲ. ಬರೆಯಲು ಮರೆತಿದ್ದೆ.

ಅಕ್ಟೋಬರ್ 6, ಸೋಮವಾರ

ತಮ್ಮ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ, ಪಕ್ಕದ ಮನೆಯವರ ಸಹಾಯ ತೆಗೆದುಕೊಂಡು. ಮಂಡಿ ಮಡಚುವುದು ಕಡಿಮೆಯಾಗಿದೆ, ಸೊಂಟದ ಕೀಲೂ ಬಿಗಿಯುತ್ತಿದೆ, ಈಗಲೂ ದಿನಾ ನಡೆಸಿದರೆ ಕಾಲು ಉಳಿಯುತ್ತದೆ ಅಂದರಂತೆ ಡಾಕ್ಟರು.

'ಪ್ರಚಾರಕ್ಕೆ ನಿನ್ನ ಹಿಂದೆ ಅಷ್ಟೊಂದು ಹುಡುಗ್ರು ಸುತ್ತುತ್ತಾರಲ್ಲ, ಒಬ್ಬನ್ನ ದಿನಾ ಬೆಳಿಗ್ಗೆ ಕಳಿಸು, ನಾನೊಂದು ಕಡೆ ಹಿಡ್ಕೋತೀನಿ' ಅಂತ ತಮ್ಮ ಕೇಳಿದ. ಅವರನ್ನೆಲ್ಲ ಬೀದಿವಾರು ಹಂಚಿ ಆಗಿದೆ, ಒಬ್ಬನನ್ನು ತೆಗೆದರೆ ಇನ್ನೊಬ್ಬ ಮುನಿಯುತ್ತಾನೆ. ಎರಡು ವಾರ ತಡೆದುಕೋ ಅಂದೆ. ಅವನು ಕತ್ತರಿ ಒರೆಸತೊಡಗಿದ. ಇತ್ತೀಚೆಗೆ ಅವನ ಮಾತು ಕಡಿಮೆ. ಅಂಗಡಿಯ ಕೆಲಸ ಒಬ್ಬನ ಮೇಲೇ ಬಿದ್ದಿದೆ, ಸುಸ್ತಿರಬೇಕು.

ಅಕ್ಟೋಬರ್ 12, ಭಾನುವಾರ

ನಮ್ಮ ಸ್ಥಿತಿ ಉತ್ತಮವಾಗಿದೆ. ಮುಂದಿನ ಬೀದಿ ಪೂರ್ತಿ ನಮ್ಮದು. ಓಣಿಗಳಲ್ಲಿ ಸ್ವಲ್ಪ ಅಸಮಾಧಾನವಿದ್ದರೂ ಸರಿಹೋಗುತ್ತದೆ.

ಹೆಂಡತಿ ಪೀಡಿಸಿದ್ದಕ್ಕೆ ಅಕ್ಕನನ್ನು ನೋಡಿಕೊಂಡು ಬಂದೆ. ಮಂಚದ ಮೇಲೆ ಕಾಲು ಚಾಚಿ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಕಲ್ಲಿನ ಮಾತು ಎತ್ತಲಿಲ್ಲ, ಅದೊಂದು ನೆಮ್ಮದಿ.

'ಓಟಿನ ದಿನ ನನ್ನ ಹೊತ್ಕೊಂಡು ಹೋಗ್ತೀಯಲ್ವಾ?' ಅಂತ ಕೇಳಿದಳು. 'ನಿನ್ನ ಹೆಸರಿಗೆ ನನ್ನ ಕೈಯಾರೆ ಗುರುತು ಹಾಕಬೇಕು. ನೀನು ಹೇಗಾದ್ರೂ ಇರು, ನಾನು ಸಾಕಿದ ಹುಡುಗ.'

'ಮೊದಲ ಓಟು ನಿಂದೇ ಅಕ್ಕ, ನಾನೇ ಬಂದು ಹೊರ್ತೀನಿ' ಅಂದೆ. ಕೆನ್ನೆ ಹಿಂಡಿದಳು, ಈ ವಯಸ್ಸಿನಲ್ಲಿ! ಕಣ್ಣಲ್ಲಿ ನೀರು ಬಂತು. ನಿಜವಾಗಿಯೂ ಬಂತು. ಓಣಿಯ ಬಾಯಲ್ಲಿ ಪ್ರಚಾರದ ಕಾರು ಕಾಯುತ್ತಿತ್ತು.

ಅಕ್ಟೋಬರ್ 19, ಭಾನುವಾರ

ಮತದಾನ ಶಾಂತಿಯುತವಾಗಿ ಮುಗಿಯಿತು. ವಯಸ್ಸಾದವರಿಗೆಂದು ಓಣಿಗಳ ಬಾಯಿಗೆ ಕಾರು ನಿಲ್ಲಿಸಿದ್ದೆವು, ಬಹಳ ಒಳ್ಳೆಯ ಹೆಸರು ಬಂತು. ಬೆಳಿಗ್ಗೆ ಮೊದಲು ಯಜಮಾನರ ತಾಯಿಯನ್ನು ನಾನೇ ಕೈಹಿಡಿದು ಇಳಿಸಿದೆ, ಫೋಟೋ ತೆಗೆದರು. ಆಮೇಲೆ ಮೇಷ್ಟ್ರ ಅತ್ತೆ. ಆಮೇಲೆ ಮೂರನೇ ಬೀದಿಯಲ್ಲಿ ನಗುಮುಖನ ಕಡೆಯವರು ಜನರ ಕಿವಿ ಊದುತ್ತಿದ್ದಾರೆ ಅಂತ ಅಲ್ಲಿಗೆ ಓಡಿದೆ. ಮಧ್ಯಾಹ್ನ ತಮ್ಮನ ಫೋನು ಮೇಲಿಂದ ಮೇಲೆ ಬಂತು, ತೆಗೆಯಲು ಪುರುಸೊತ್ತಾಗಲಿಲ್ಲ. ಸಂಜೆ ಹೊತ್ತಿಗೆ ಕಾಲು ಸೇದುತ್ತಿತ್ತು.

ಮನೆಗೆ ಬಂದಾಗ ಹೆಂಡತಿ ಬಡಿಸಿಟ್ಟು ಒಳಗೆ ಹೋದಳು. ಏನಾಯಿತು ಅಂದರೆ 'ಏನಿಲ್ಲ' ಅಂದಳು. ಹೆಂಗಸರ 'ಏನಿಲ್ಲ'ವನ್ನು ಬಿಡಿಸುವಷ್ಟು ಶಕ್ತಿ ಇವತ್ತು ನನ್ನಲ್ಲಿ ಉಳಿದಿಲ್ಲ.

ಅಕ್ಟೋಬರ್ 22, ಬುಧವಾರ

ಗೆದ್ದೆವು. ಅಲ್ಪಸ್ವಲ್ಪ ಅಂತರವಲ್ಲ, ನಗುಮುಖ ತಲೆ ಎತ್ತದ ಹಾಗೆ. ಬೀದಿಯುದ್ದಕ್ಕೂ ಹೊತ್ತುಕೊಂಡು ತಿರುಗಿದರು. ಭುಜಗಳ ಮೇಲೆ ಕೂತರೆ ಊರು ಬೇರೆಯೇ ಕಾಣುತ್ತದೆ. ಅಂಗಡಿ ಬೋರ್ಡುಗಳೆಲ್ಲ ಕಣ್ಣಿನ ಸಮಕ್ಕೆ. ಮೆಂಬರೇ, ಮೆಂಬರೇ ಅಂತ ಕರೆದರು. ಮೊದಲನೇ ಸಭೆಯಲ್ಲೇ ಪಾರ್ಕಿಂಗ್ ವಿಷಯ ಮಂಡಿಸುವುದಾಗಿ ಭರವಸೆ ನೀಡಿದ್ದೇನೆ.

ಸಂಜೆ ಹೂಗುಚ್ಛ ಹಿಡಿದು ಅಕ್ಕನ ಮನೆಗೆ ಹೋದೆ. ಹಿಂದೆ ಬಂದ ಹುಡುಗರನ್ನು ಓಣಿಯ ಬಾಯಲ್ಲೇ ನಿಲ್ಲಿಸಿದೆ, ಕಟ್ಟೆ ಮೇಲೆ ಅಷ್ಟು ಜನ ಹಿಡಿಸುವುದಿಲ್ಲ. ತಮ್ಮ ಅಲ್ಲೇ ಕೂತಿದ್ದ. ನನ್ನನ್ನು ನೋಡಿ ಎದ್ದು ಹೋದ, ಮಾತಿಲ್ಲ ಕತೆಯಿಲ್ಲ. ಡಾಕ್ಟರು ನಿನ್ನೆ ಬಂದು ನೋಡಿದರಂತೆ. ಇನ್ನು ಕಾಲು ಮಡಚುವುದಿಲ್ಲ, ಎಳೆದು ನೋಯಿಸುವುದೂ ಬೇಡ ಅಂದರಂತೆ. ಅಕ್ಕ ಇದನ್ನು ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು. ದೊಡ್ಡ ಆಸ್ಪತ್ರೆಯಲ್ಲಿ ತೋರಿಸೋಣ, ಈಗ ನನ್ನ ಮಾತು ನಡೆಯುತ್ತದೆ ಅಂದೆ.

'ಭಾನುವಾರ ಬರ್ತೀಯ ಅಂತ ಬೆಳಿಗ್ಗೆನೇ ತಲೆ ಬಾಚಿಸ್ಕೊಂಡು, ಒಳ್ಳೆ ಬಟ್ಟೆ ಹಾಕ್ಕೊಂಡು ಕೂತಿದ್ದೆ' ಅಂದಳು. 'ಚಿಕ್ಕೋನು ಮಧ್ಯಾಹ್ನ ಬಂದು, ಬೇರೆ ಯಾರನ್ನಾದ್ರೂ ಕರೆದು ಹೊರ್ತೀನಿ ಅಂದ. ನಾನೇ ಬೇಡ ಅಂದೆ. ನಿಮ್ಮಣ್ಣನೇ ಬರ್ತೀನಿ ಅಂದಿದ್ದಾನೆ, ಬಂದಾಗ ನಾನಿಲ್ದೇ ಇದ್ರೆ ನೊಂದ್ಕೋತಾನೆ ಅಂತ. ಕತ್ತಲಾಗೋವರೆಗೂ ಕೂತಿದ್ದೆ.'

ಅಯ್ಯೋ ದೇವರೇ, ಆಗಲೇ ನೆನಪಾಗಿದ್ದು. ಅಲ್ಲಿಯ ತನಕ ಒಂದು ಸಲವೂ ತಲೆಗೆ ಬಂದಿರಲಿಲ್ಲ. ಅವಳ ಮುಖ ತೀರಾ ಸಪ್ಪಗಿತ್ತು. ಏನಾದರೂ ಸಮಾಧಾನ ಹೇಳಬೇಕಲ್ಲ.

'ಅದಕ್ಯಾಕೆ ಬೇಜಾರು ಮಾಡ್ಕೋತೀಯ ಅಕ್ಕ,' ಅಂದೆ. 'ನಿನ್ನ ಓಟು ಬೀಳದೇ ಇದ್ರೂ ಏನೂ ತೊಂದ್ರೆ ಆಗ್ಲಿಲ್ಲ. ಆರಾಮಾಗಿ ಗೆದ್ದೆ.'

'ಹೋಗ್ಲಿ ಬಿಡಪ್ಪ, ಒಳ್ಳೇದಾಯ್ತು. ನಿನಗೆ ಕೆಲಸ ಇರುತ್ತೆ, ಹೊರಡು' ಅಂದಳು. ಮಂಚದ ಹತ್ತಿರ ನಿಂತೇ ಇದ್ದ ನನ್ನ ಕೈಯಿಂದ ಹೂಗುಚ್ಛ ತೆಗೆದುಕೊಂಡು ಪಕ್ಕಕ್ಕಿಟ್ಟಳು.

'ಹೋಗುವಾಗ ಬಾಗಿಲು ಎಳ್ಕೊಂಡು ಹೋಗು. ನನಗೆ ಎದ್ದು ಹಾಕೋಕಾಗಲ್ಲ.'

ಎಳೆದುಕೊಂಡು ಬಂದೆ. ಓಣಿಯ ಬಾಯಲ್ಲಿ ಹುಡುಗರು ಕಾಯುತ್ತಿದ್ದರು.